ಅಜ್ಜನ ಮಂಜಿನ ಸೀಮೆ

ನಾನು ಬರೆಯುವುದು ಫ್ಯಾಂಟಸಿ ಕಾದಂಬರಿ. ಹಾಗೆಂದರೆ ನಮ್ಮ ಕಡೆಯ ಜನ ಮೊದಲು ನಗುತ್ತಾರೆ, ಆಮೇಲೆ ಮಕ್ಕಳ ಪುಸ್ತಕವೇ ಎಂದು ಕೇಳುತ್ತಾರೆ. ಮೂಡಲಗಿಯ ಒಂದು ಹೈಸ್ಕೂಲಿನಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದ ಹೆಂಗಸು ಈ ವಯಸ್ಸಿನಲ್ಲಿ ಮಾತಾಡುವ ಪ್ರಾಣಿಗಳ ಬಗ್ಗೆಯೂ ನಕ್ಷೆಯಲ್ಲಿಲ್ಲದ ಬೆಟ್ಟಗಳ ಬಗ್ಗೆಯೂ ಬರೆಯುತ್ತ ಕೂತಿದ್ದಾಳೆ ಎಂಬುದು ಓಣಿಯವರಿಗೆ ತಮಾಷೆ. ಪುಸ್ತಕ ಓದಿದವರು ಮಾತ್ರ ಬೇರೆ ಪ್ರಶ್ನೆ ಕೇಳುತ್ತಾರೆ: ಇದನ್ನೆಲ್ಲ ಯಾವ ವಿದೇಶಿ ಲೇಖಕರಿಂದ ಕಲಿತಿರಿ? ವಿದೇಶಿ ಪುಸ್ತಕಗಳನ್ನು ನಾನು ಓದಿದ್ದೇನೆ, ಆಸೆಪಟ್ಟೇ ಓದಿದ್ದೇನೆ. ಆದರೆ ಅದು ಆಮೇಲಿನ ಮಾತು. ಮೊದಲು ಸಿಕ್ಕಿದ್ದು ಘೋಡಗೇರಿಯ ನಮ್ಮ ಮನೆಯ ಕಟ್ಟೆ, ಸುಲಿಯಲು ಒಂದು ಬುಟ್ಟಿ ಶೇಂಗಾ, ಮತ್ತು ನಮ್ಮ ಅಜ್ಜ.

ಅಜ್ಜ ಅಂದರೆ ಅಪ್ಪನ ಅಪ್ಪ. ಹರೆಯದಲ್ಲಿ ಪಲ್ಟನ್ ಸೇರಿ, ಎರಡನೆಯ ಮಹಾಯುದ್ಧಕ್ಕೆ ಇಟಲಿ ದೇಶದವರೆಗೆ ಹೋಗಿ ಬಂದವನು. ಊರಲ್ಲಿ ಅವನಿಗೆ ‘ಮಿಲ್ಟ್ರಿ ಮುತ್ಯಾ’ ಎಂದೇ ಹೆಸರು. ಆದರೆ ಯುದ್ಧದ ಬಗ್ಗೆ ಅವನು ಯಾರೆದುರಿಗೂ ಬಾಯಿ ಬಿಟ್ಟವನಲ್ಲ. ಅವನ ಎಡಗಾಲಿನಲ್ಲಿ ಎರಡು ಬೆರಳು ಇರಲಿಲ್ಲ. ಕೇಳಿದರೆ, “ಥಂಡಿ ತಿಂತು” ಅನ್ನುತ್ತಿದ್ದ, ಅಷ್ಟೇ. ನಾನು ಸಣ್ಣವಳಿದ್ದಾಗ ಥಂಡಿ ಎಂದರೆ ಬೆರಳು ತಿನ್ನುವ ಒಂದು ಪ್ರಾಣಿ ಎಂದುಕೊಂಡಿದ್ದೆ.

ಮಧ್ಯಾಹ್ನ ಹೊಲದಿಂದ ಬಂದು ಉಂಡ ಮೇಲೆ ಅಜ್ಜ ಕಟ್ಟೆಗೆ ಬರುತ್ತಿದ್ದ. ಅಜ್ಜಿಯನ್ನು ನಾವು ಆಯಿ ಅನ್ನುತ್ತಿದ್ದೆವು. ಆಯಿ ಶೇಂಗಾ ಬುಟ್ಟಿಯನ್ನು ನಮ್ಮಿಬ್ಬರ ನಡುವೆ ಇಟ್ಟು ಹೋಗುವಳು. ಕಾಯಿ ಸುಲಿಯುತ್ತ ಅಜ್ಜ ಒಂದು ಕಥೆ ಹೇಳುತ್ತಿದ್ದ. ಅವನಿಗೆ ಗೊತ್ತಿದ್ದದ್ದು ಅದೊಂದೇ ಕಥೆ. ಮಂಜಿನ ಸೀಮೆಯ ಕಥೆ.

ಮಂಜಿನ ಸೀಮೆಯ ಜನ ಹುತ್ತದೊಳಗಿಂದ ಎದ್ದು ಬಂದವರು. ಅವರ ರಾಜನ ಸೈನಿಕರು ಒಂದು ಎತ್ತರದ ಗುಡ್ಡದ ಮೇಲೆ ಸಿಕ್ಕಿಹಾಕಿಕೊಂಡಿದ್ದಾರೆ, ತಿಂಗಳುಗಟ್ಟಲೆ ಉಪ್ಪಿಲ್ಲದೆ ನಾಲಿಗೆಯ ರುಚಿಯೇ ಸತ್ತುಹೋಗಿದೆ. ಅವರಿಗೆ ಉಪ್ಪು ಮುಟ್ಟಿಸಲು ಇಬ್ಬರು ಗೆಳೆಯರು ಒಂದು ಹೇಸರಗತ್ತೆಯನ್ನು ಹೊಡೆದುಕೊಂಡು ಹೊರಡುತ್ತಾರೆ. ಅಜ್ಜ ಅದನ್ನು ಖಚ್ಚರ ಅನ್ನುತ್ತಿದ್ದ. ಆ ಖಚ್ಚರ ಮಾತಾಡುತ್ತಿತ್ತು, ಅದೂ ಬೇಡದ ಹೊತ್ತಿನಲ್ಲಿ. ದಾರಿಯಲ್ಲಿ ಗುಡ್ಡಗಳು ಒಂದರ ಮೇಲೊಂದು ಸಿಟ್ಟಾಗಿ, ಕಣಿವೆಯ ಆಚೆಯಿಂದ ಈಚೆಗೆ ಗುಡುಗಿ ಬೈದಾಡುತ್ತಿದ್ದವು. ಅವು ಬೈದಾಡುವಾಗ ಜನ ನೆಲದಲ್ಲಿ ಕುಣಿ ತೋಡಿ ಅದರೊಳಗೆ ಕೂರಬೇಕು. ಒಂದು ಊರಿನಲ್ಲಿ ಮನೆಗಳಿಗೆಲ್ಲ ಮುಂದಿನ ಗೋಡೆ ಮಾತ್ರ ಇತ್ತು. ಬಾಗಿಲು ತೆರೆದು ಒಳಗೆ ಹೋದರೆ ಒಳಗೂ ಬಯಲೇ.

“ಹಂತಾ ಮನ್ಯಾಗ ಮಂದಿ ಹೆಂಗ ಇರ್ತಾರ ಅಜ್ಜಾ?” ಎಂದು ಕೇಳಿದ್ದೆ.

“ಬಾಗಲಾ ಹಾಕ್ಕೊಂಡ ಇರ್ತಾರವಾ,” ಅಂದಿದ್ದ.

ನಾನು ಬಿದ್ದು ಬಿದ್ದು ನಕ್ಕಿದ್ದೆ. ಅವನು ನಗಲಿಲ್ಲ ಎಂಬುದು ಆಗ ನನ್ನ ಗಮನಕ್ಕೆ ಬರಲಿಲ್ಲ.

ಮಂಜು ಕಣ್ಣು ಕಟ್ಟಿದಾಗ ಖಚ್ಚರ ಒಂದು ಹೆಜ್ಜೆಯೂ ಮುಂದಿಡುತ್ತಿರಲಿಲ್ಲ. ಆಗ ಇಬ್ಬರಲ್ಲಿ ಒಬ್ಬ ಗೆಳೆಯ ಮಂತ್ರ ಹಾಕುತ್ತಿದ್ದ: “ಹುರ್ರ್ಯಾ ಹೋ… ಹೋ… ಬಾ ನನ್ನವ್ವ, ಹೋ.” ಅಜ್ಜ ಅದನ್ನು ಗಂಟಲಿನ ಬುಡದಿಂದ ಎಳೆದು ಹೇಳುವನು. ಮಂತ್ರ ಕೇಳಿದ ಕೂಡಲೆ ಮಂಜು ಸೀಳಿ ದಾರಿ ಬಿಡುತ್ತಿತ್ತು. ಆ ಮಂತ್ರವನ್ನು ನಾನು ನಮ್ಮ ಎಮ್ಮೆಯ ಮೇಲೆ, ಬೆಕ್ಕಿನ ಮೇಲೆ, ಒಮ್ಮೆ ಘಟಪ್ರಭಾ ಸ್ಟೇಶನ್ನಿನಲ್ಲಿ ತಡವಾಗಿದ್ದ ರೈಲಿನ ಮೇಲೂ ಪ್ರಯೋಗ ಮಾಡಿದ್ದೆ.

ಕಥೆಗೆ ನಾನೂ ಸಾಮಾನು ಒದಗಿಸುತ್ತಿದ್ದೆ. ಐದನೆಯ ಇಯತ್ತೆಯಲ್ಲಿ ನಮ್ಮ ಮಾಸ್ತರರು ಹುಕ್ಕೇರಿಯ ಹಳೆಯ ಗುಮ್ಮಟಗಳನ್ನು ತೋರಿಸಲು ಕರೆದುಕೊಂಡು ಹೋಗಿದ್ದರು. ನೂರಾರು ವರ್ಷದ ಕಟ್ಟಡ, ಒಳಗೆ ಕತ್ತಲೆ, ತಂಪು, ಪಾರಿವಾಳದ ವಾಸನೆ. ಕೂಗಿದರೆ ನಮ್ಮ ದನಿ ಮೇಲೇರಿ, ಯಾರೋ ದೊಡ್ಡವರ ದನಿಯಾಗಿ ಕೆಳಗಿಳಿಯುತ್ತಿತ್ತು. ಮನೆಗೆ ಬಂದು ಅಜ್ಜನಿಗೆ ಹೇಳಿದೆ. ಮರುದಿನದ ಕಥೆಯಲ್ಲಿ ಗೆಳೆಯರಿಬ್ಬರೂ ಗುಮ್ಮಟಗಳ ಪಟ್ಟಣಕ್ಕೆ ಬಂದಿದ್ದರು. ಅಲ್ಲಿ ಒಂದು ಗೋಡೆಗೆ ಸುಳ್ಳು ಹೇಳಿದರೆ ಎದುರಿನ ಗೋಡೆಯಿಂದ ಅದು ಖರೆಯಾಗಿ ತಿರುಗಿ ಬರುತ್ತಿತ್ತು. ಹೀಗಾಗಿ ಆ ಪಟ್ಟಣದಲ್ಲಿ ಯಾರೂ ಮಾತಾಡುತ್ತಿರಲಿಲ್ಲ.

ನಮ್ಮೂರ ಗುಡಿಯ ಹಿಂದೆ ಒಂದು ವೀರಗಲ್ಲು ಇತ್ತು. ಮೂರು ಅಂತಸ್ತಿನ ಕೆತ್ತನೆ. ಕೆಳಗೆ ಕತ್ತಿ ಹಿಡಿದು ಹೋರಾಡುವ ವೀರ, ನಡುವೆ ಅವನನ್ನು ಎತ್ತಿಕೊಂಡು ಮೇಲೆ ಹಾರುವ ಅಪ್ಸರೆಯರು, ಎಲ್ಲಕ್ಕಿಂತ ಮೇಲೆ ಕೈಲಾಸದಲ್ಲಿ ಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಆಯಿ ಸೋಮವಾರಕ್ಕೊಮ್ಮೆ ಅದಕ್ಕೆ ಎಣ್ಣೆ ಹಚ್ಚುವಳು. ಒಂದು ದಿನ ಅಜ್ಜ ನನ್ನ ಜೊತೆ ಅದರ ಮುಂದೆ ನಿಂತವನು, ಕೆಳಗಿನ ಅಂತಸ್ತನ್ನು ಬೆರಳಿನಿಂದ ಸವರಿ, “ಇದನ್ನ ಕೆತ್ತಿದಾಂವ ಲಡಾಯಿ ನೋಡ್ಯಾನ. ಮ್ಯಾಲಿಂದ ಎರಡು ಕೆತ್ತಿದಾಂವ ನೋಡಿಲ್ಲ,” ಅಂದ.

“ಮೂರೂ ಒಬ್ಬನ ಕೆತ್ತಿರಬೇಕಲ್ಲ ಅಜ್ಜಾ?”

ಅವನು ಕತ್ತೆತ್ತಿ ಮೇಲಿನ ಎರಡನ್ನೂ ನೋಡಿ, “ಹಂಗಾರ ಭಾಳ ಕಷ್ಟಪಟ್ಟ ಕೆತ್ಯಾನ,” ಅಂದ.

ಈ ಕಥೆಯಲ್ಲಿ ಒಂದು ತೊಡಕಿತ್ತು. ಗೆಳೆಯರು ಒಂದು ಹೊಳೆಯ ದಂಡೆಗೆ ಬರುತ್ತಿದ್ದರು. ಸೇತುವೆ ಮುರಿದಿದೆ. ಹಗ್ಗ ಕಟ್ಟಿ, ಹಲಗೆ ಹಾಸಿ ದಾಟಬೇಕು. ಅಲ್ಲಿಗೆ ಬಂದೊಡನೆ ಅಜ್ಜ, “ಎತ್ತಿಗಿ ನೀರ ಕುಡಸಬೇಕು” ಎಂದು ಎದ್ದುಬಿಡುತ್ತಿದ್ದ. ಮರುದಿನ ಕೇಳಿದರೆ ಕಥೆ ಮತ್ತೆ ಹುತ್ತದಿಂದ ಶುರು. ಎರಡು ವರ್ಷ ಹೀಗೇ ನಡೆಯಿತು. ಎತ್ತಿಗೆ ನಾನೇ ಮೊದಲು ನೀರು ಕುಡಿಸಿಟ್ಟು ಬಂದು ಕೂತರೂ ಅಷ್ಟೇ, ಅವನಿಗೆ ಬೇರೇನಾದರೂ ಕೆಲಸ ನೆನಪಾಗುತ್ತಿತ್ತು.

ಏಳನೆಯ ಇಯತ್ತೆಯಲ್ಲಿದ್ದಾಗ ನನಗೆ ಸಾಕಾಯಿತು. ಕಥೆಯ ಕೊನೆಯನ್ನು ನಾನೇ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಖಚ್ಚರಕ್ಕೆ ರೆಕ್ಕೆ ಮೂಡಿತು. ಹಲಗೆ ಮುರಿಯಿತು, ಆದರೆ ಅದು ಇಬ್ಬರನ್ನೂ ಬೆನ್ನ ಮೇಲೆ ಹೊತ್ತು ಹಾರಿತು. ಸೈನಿಕರಿಗೆ ಉಪ್ಪು ಮುಟ್ಟಿತು. ಕೊನೆಗೆ ಮೂವರೂ ರಾಜನ ಪಂಕ್ತಿಯಲ್ಲಿ ಕೂತು ಹೋಳಿಗೆ ಉಂಡರು. ನಾನು ಬರೆದ ಮೊದಲ ಫ್ಯಾಂಟಸಿ ಅದು. ಶೇಂಗಾ ಬುಟ್ಟಿಯನ್ನು ಬದಿಗೆ ಸರಿಸಿ ಅಜ್ಜನಿಗೆ ಓದಿ ಹೇಳಿದೆ.

ಅವನು ಕೊನೆಯವರೆಗೂ ಕೇಳಿದ. ಆಮೇಲೆ, “ಇಬ್ಬರೂ ದಾಟಿದ್ರೇನು?” ಎಂದು ಕೇಳಿದ.

“ಹೂಂ, ಇಬ್ಬರೂ.”

“ಇನ್ನೊಮ್ಮೆ ಓದು.”

ಇನ್ನೊಮ್ಮೆ ಓದಿದೆ. ಹಾರುವ ಭಾಗಕ್ಕೆ ಬಂದಾಗ ಅಜ್ಜ ಎದ್ದು ನಿಂತ. ಅವನ ಮೋರೆ ನೋಡಿ ನನಗೆ ಹೆದರಿಕೆಯಾಯಿತು. ಚಪ್ಪಲಿ ಮೆಟ್ಟದೆ ಹೊಲದ ಕಡೆ ಹೋಗಿಬಿಟ್ಟ. ಮೂರು ದಿನ ಯಾರ ಜೊತೆಯೂ ಮಾತಿಲ್ಲ. ಆಯಿ ಬಡಿಸಿದ ಅರ್ಧ ರೊಟ್ಟಿ ಹಾಗೇ ಉಳಿಯುತ್ತಿತ್ತು. ನಾನು ನೋಟ್‌ಬುಕ್ಕನ್ನು ಒಲೆಗೆ ಹಾಕಲು ಹೋದೆ. ಆಯಿ ಕೈ ಹಿಡಿದು ಕೂರಿಸಿದಳು.

“ನಿನ್ನ ತಪ್ಪಲ್ಲ ಇದು,” ಅಂದಳು. “ನಿಮ್ಮಜ್ಜಗ ಒಬ್ಬ ಗೆಣೆಯ ಇದ್ದ. ಕೌಜಲಗಿಯಾಂವ, ಕುರಿ ಕಾಯೋ ಮನಿತನದಾಂವ. ಇಬ್ಬರೂ ಕೂಡೇ ಪಲ್ಟನ್ ಸೇರಿದ್ರು. ಅಂವಾ ತಿರುಗಿ ಬರಲಿಲ್ಲ. ಲಗ್ನ ಆದ ಹೊಸದಾಗ ನಿದ್ದಿಗಣ್ಣಾಗ ಅವನ ಹೆಸರ ಕೂಗತಿದ್ರು ಇವರು. ಆತನ ಮನಿಗೊಮ್ಮೆ ಹೋಗಿ ಬರ್ರಿ ಅಂತ ಎಷ್ಟ ಹೇಳಿದ್ನಿ. ಇವತ್ತಿನತನಾ ಹೋಗಿಲ್ಲ.”

ಕೌಜಲಗಿ ನಮ್ಮೂರಿಗೆ ದೂರವೇನಲ್ಲ. ಘಟಪ್ರಭಾದಲ್ಲಿ ಒಂದು ಬಸ್ಸು, ಗೋಕಾಕದಲ್ಲಿ ಇನ್ನೊಂದು. ಅರ್ಧ ದಿನದ ದಾರಿ. ಅಜ್ಜ ಅದನ್ನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದಿರಲಿಲ್ಲ.

ನಾಲ್ಕನೆಯ ದಿನ ಬೆಳಿಗ್ಗೆ ಅಜ್ಜ ಮಡಿಸಿಟ್ಟ ಧೋತರ ಉಟ್ಟು, ತಲೆಗೆ ಪಟಗಾ ಸುತ್ತಿಕೊಂಡು ನನ್ನ ಮುಂದೆ ನಿಂತ. “ಇವತ್ತ ಸಾಲಿ ಬಿಡವಾ. ಕೌಜಲಗಿಗಿ ಹೋಗಿ ಬರೂಣು.”

ಗೋಕಾಕದ ಬಸ್‌ಸ್ಟ್ಯಾಂಡಿನಲ್ಲಿ ಒಂದು ಡಜನ್ ಬಾಳೆಹಣ್ಣು ಕೊಂಡ. ಕೌಜಲಗಿಯ ಬಸ್ಸು ಬಂತು, ಅಜ್ಜ ಏಳಲಿಲ್ಲ. ನಾನು ಎಳೆದೆ. “ಭಾಳ ಗದ್ದಲ ಐತಿ, ಮುಂದಿಂದಕ್ಕ ಹೋಗೂಣು” ಅಂದ. ಬಸ್ಸಿನಲ್ಲಿ ಹತ್ತು ಜನರೂ ಇರಲಿಲ್ಲ. ಎರಡನೆಯ ಬಸ್ಸನ್ನೂ ಬಿಟ್ಟ. ಮೂರನೆಯದಕ್ಕೆ ಕಂಡಕ್ಟರನೇ, “ಮುತ್ಯಾ, ಆಗಿಂದ ನೋಡಾಕತ್ತೇನಿ, ಬರಾವರೋ ಇಲ್ಲೋ?” ಎಂದು ಕೂಗಿದಾಗ ಹತ್ತಿದ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಊರ ಅಂಚಿನಲ್ಲಿ ಕುರಿಹಟ್ಟಿ, ಪಕ್ಕದಲ್ಲೇ ತಗ್ಗಿನ ಮಾಳಿಗೆಯ ಮನೆ. ಅಂಗಳದಲ್ಲಿ ಒಬ್ಬ ಹೆಂಗಸು ಕೂತು ಉಣ್ಣೆಯ ನೂಲು ತೆಗೆಯುತ್ತಿದ್ದಳು. ನಲವತ್ತು ದಾಟಿದ ವಯಸ್ಸು. ಅಜ್ಜ ತನ್ನ ಊರಿನ ಹೆಸರು ಹೇಳಿದ, ಆಮೇಲೆ ಗೆಳೆಯನ ಹೆಸರು. ಅವಳ ಕೈಯಲ್ಲಿ ತಿರುಗುತ್ತಿದ್ದ ನೂಲಿನ ಕದರು ನಿಂತಿತು.

“ಅಂವಾ ನಮ್ಮಣ್ಣ,” ಅಂದಳು. “ನೀವು ಯಾರ್ರಿ?”

“ಅವನ ಜೋಡಿ ಇದ್ದಾಂವ.”

ಅವಳು ಎದ್ದು ಒಳಗಿನಿಂದ ಕಂಬಳಿ ತಂದು ಹಾಸಿ, ಒಂದು ತಂಬಿಗೆ ನೀರು ಮುಂದಿಟ್ಟಳು. “ಅವ್ವ ತೀರಿಕೊಂಡು ಹತ್ತು ವರ್ಸಾತ್ರಿ ಅಣ್ಣಾ,” ಅಂದಳು. “ಸಾಯೂತನಾ, ಅವನ ಜೋಡೀದಾರ ಒಬ್ಬನಾರ ಬಂದ ಹೇಳಬಾರದೇನು ಅಂತಿದ್ಲು. ಸರಕಾರದ ಕಾಗದ ಬಂದಿತ್ತು. ಅದರಾಗ ಸತ್ತಾನ ಅಂತಷ್ಟ ಇತ್ತು.”

ಅಜ್ಜ ತಲೆ ತಗ್ಗಿಸಿದ. ನೀರು ಮುಟ್ಟಲಿಲ್ಲ. ಆಮೇಲೆ ಅವನು ಶುರು ಮಾಡಿದ್ದು ನಮ್ಮ ಕಥೆಯನ್ನೇ. ಗುಡ್ಡದ ಮೇಲೆ ಸಿಕ್ಕಿಬಿದ್ದ ಸೈನಿಕರು, ಕೆಳಗಿನಿಂದ ಸಾಮಾನು ಹೊತ್ತ ಖಚ್ಚರ, ಬೈದಾಡುವ ಗುಡ್ಡಗಳು. ಆದರೆ ಈ ಸಲ ಗುಡ್ಡಗಳು ಗುಂಡು ಹಾರಿಸುವ ತೋಪುಗಳಾದವು. ಮುಂದಿನ ಗೋಡೆ ಮಾತ್ರ ಉಳಿದ ಮನೆಗಳು ಬಾಂಬು ಬಿದ್ದ ಊರಾದವು. ಕಟ್ಟೆಯ ಮೇಲೆ ನಾನು ಕೇಳಿ ನಕ್ಕಿದ್ದ ಸೀಮೆ ಒಂದೊಂದಾಗಿ ನಿಜವಾಗುತ್ತ ಹೋಯಿತು.

ಹೊಳೆಯ ದಂಡೆಗೆ ಬಂದ. ಅಜ್ಜನ ದನಿ ನಿಂತಿತು. ಎದ್ದುಬಿಡುತ್ತಾನೆ ಎಂದುಕೊಂಡೆ. ಅವನು ಏಳಲಿಲ್ಲ.

“ಮುಂದ ಹೋಗೂ ಪಾಳಿ ನಂದ ಇತ್ತವಾ,” ಅಂದ. “ನನ್ನ ಕಾಲ ಥಂಡಿಗಿ ಬಾತಿತ್ತು, ಊರಾಕ ಬರತಿದ್ದಿಲ್ಲ. ಅಂವಾ ಹಗ್ಗಾ ಕಸಗೊಂಡ. ‘ನೀ ಹಿಂದ ಬಾ’ ಅಂದ. ಹಲಿಗಿ ಮುರೀತು. ಖಚ್ಚರಾ ಅಂವಾ ಕೂಡೇ ಹ್ವಾದ್ರು. ಬರೇ ಕೆಸರ ನೀರು. ಏನೂ ಕಾಣಲಿಲ್ಲ.”

ತಂಗಿ ಅಳಲಿಲ್ಲ. ಸೆರಗಿನಿಂದ ಒಮ್ಮೆ ಬಾಯಿ ಒರೆಸಿಕೊಂಡು, “ಅಂವಾ ಹೆದರಿದ್ನೇನ್ರಿ?” ಎಂದು ಕೇಳಿದಳು.

“ಇಲ್ಲವಾ. ಖಚ್ಚರ ಹೆದರಿತ್ತು. ಅದನ್ನ ರಮಿಸಿಗೋತ ಹೊಂಟಿದ್ದ. ಹುರ್ರ್ಯಾ ಹೋ, ಬಾ ನನ್ನವ್ವ, ಅಂತ…”

ತಂಗಿ ಅವನನ್ನೇ ನೋಡಿದಳು. ಆಮೇಲೆ ಎದ್ದು ಅಂಗಳದ ತುದಿಗೆ ಹೋಗಿ, ಹಟ್ಟಿಯಾಚೆ ಬಯಲಲ್ಲಿ ಮೇಯುತ್ತಿದ್ದ ಹಿಂಡಿನ ಕಡೆ ಮುಖ ಮಾಡಿ ಕೂಗಿದಳು: “ಹುರ್ರ್ಯಾ ಹೋ… ಹೋ… ಬಾ ನನ್ನವ್ವ, ಹೋ.” ಅದೇ ಎಳೆತ, ಗಂಟಲಿನ ಬುಡದಿಂದ ಬರುವ ಅದೇ ದನಿ. ಕುರಿಗಳೆಲ್ಲ ಒಮ್ಮೆಲೇ ತಲೆಯೆತ್ತಿ, ಹೊರಳಿ, ನಮ್ಮ ಕಡೆ ಬರತೊಡಗಿದವು.

ಅಜ್ಜ ಅಂದು ಅತ್ತ. ಅವನು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಸಂಜೆಯ ಬಸ್ಸಿಗೆ ಹೊರಡುವ ಮುಂಚೆ ಆಕೆ ನಮ್ಮನ್ನು ಊಟಕ್ಕೆ ಕೂರಿಸಿದಳು. ರೊಟ್ಟಿ ಬಡಿಯುತ್ತ ನನಗೆ ತಮ್ಮ ಮನೆತನದ ಕಥೆ ಹೇಳಿದಳು. ಜಗತ್ತಿನ ಮೊದಲ ಕುರಿಗಳು ಹುತ್ತದೊಳಗಿಂದ ಹೊರಬಂದವಂತೆ. “ಅಣ್ಣ ಇದನ್ನ ಭಾಳ ಚಂದ ಹೇಳತಿದ್ದ,” ಅಂದಳು.

“ಕುಣ್ಯಾಗ ಕುಂತಾಗ ನಮಗೆಲ್ಲ ಹೇಳತಿದ್ದ,” ಅಂದ ಅಜ್ಜ. “ತೋಪಿನ ಸಪ್ಪಳ ಕಿವಿಗಿ ಬೀಳಬಾರದು ಅಂತ.”

ಹಾಗಾದರೆ ಮಂಜಿನ ಸೀಮೆಯನ್ನು ಕಟ್ಟಿದವನು ಅಜ್ಜನೊಬ್ಬನೇ ಅಲ್ಲ. ಹುತ್ತ ಮತ್ತು ಮಂತ್ರ ಆ ಗೆಳೆಯನವು, ತಲೆಮಾರುಗಳಿಂದ ಬಂದವು. ಗುಡ್ಡಗಳ ಬೈದಾಟ ಯುದ್ಧದ್ದು. ಹುಕ್ಕೇರಿಯ ಗುಮ್ಮಟಗಳನ್ನು ತಂದು ಸೇರಿಸಿದವಳು ನಾನು. ಹನ್ನೆರಡರ ವಯಸ್ಸಿನಲ್ಲಿ ಇದನ್ನು ಹೀಗೆ ವಿಂಗಡಿಸಿ ನೋಡುವ ಬುದ್ಧಿ ಇರಲಿಲ್ಲ. ಬಸ್ಸಿನಲ್ಲಿ ಅಜ್ಜನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದೆ. ಅವನು ನನ್ನ ಕೂದಲಲ್ಲಿ ಬೆರಳಾಡಿಸುತ್ತಿದ್ದ ಎಂಬುದಷ್ಟೇ ನೆನಪು.

ಆಮೇಲೆ ಅಜ್ಜ ವರ್ಷಕ್ಕೆರಡು ಸಲ ಕೌಜಲಗಿಗೆ ಹೋಗತೊಡಗಿದ. ಪ್ರತಿ ಸಲವೂ ಮೊದಲ ಬಸ್ಸಿಗೇ ಹತ್ತುತ್ತಿದ್ದ. ಪಂಚಮಿಗೆ ತಂಗಿಗೆ ಕುಪ್ಪಸದ ಖಣ ಒಯ್ಯುವನು. ಮಂಜಿನ ಸೀಮೆಯ ಕಥೆಯನ್ನು ಮಾತ್ರ ಮತ್ತೆ ಹೇಳಲಿಲ್ಲ. ನಾನೂ ಕೇಳಲಿಲ್ಲ. ಗೋಕಾಕದ ಕಾಲೇಜಿನಲ್ಲಿ ನಾನು ಎರಡನೆಯ ವರ್ಷದಲ್ಲಿದ್ದಾಗ ಅವನು ತೀರಿಕೊಂಡ. ಮಣ್ಣು ಕೊಡಲು ಬಂದ ಕೌಜಲಗಿಯ ಆ ತಂಗಿ ಆಯಿಯನ್ನು ತಬ್ಬಿಕೊಂಡು, ಒಡಹುಟ್ಟಿದವನು ಹೋದಂತೆ ಹಾಡಿ ಹಾಡಿ ಅತ್ತಳು.

ಅದೇ ವರ್ಷ ಕಾಲೇಜಿನ ಲೈಬ್ರರಿಯಲ್ಲಿ ನನಗೊಂದು ದಪ್ಪ ಇಂಗ್ಲಿಷ್ ಪುಸ್ತಕ ಸಿಕ್ಕಿತು. ಕೋಟೆ, ಕತ್ತಿ, ಕುದುರೆ, ಯಾವುದೋ ಹಳೆಯ ಕಾಲದ ರಾಜ್ಯ. ಘಟಪ್ರಭಾದ ಬಸ್ಸಿನಲ್ಲಿ ನಿಂತುಕೊಂಡೇ ಓದಿದೆ. ಅರ್ಧ ತಿಳಿಯಿತು, ಅರ್ಧ ಇಲ್ಲ. ಆದರೆ ಒಂದು ಕಡೆ ಸೈನಿಕರು ಕೆಸರಿನಲ್ಲಿ ನಡೆಯುವ ವರ್ಣನೆ ಬಂದಾಗ ಆ ಪುಟವನ್ನು ಮತ್ತೆ ಮೊದಲಿನಿಂದ ಓದಿದೆ. ಕತ್ತಿ, ಗುರಾಣಿ ಎಲ್ಲ ನಮ್ಮ ವೀರಗಲ್ಲಿನ ಕಾಲದವು. ಕೆಸರು ಮಾತ್ರ ಆ ಕಾಲದ್ದಲ್ಲ. ಅದು ಅಜ್ಜನ ಕೆಸರು. ಮುನ್ನುಡಿ ತಿರುಗಿಸಿ ನೋಡಿದೆ. ಬರೆದವನು ಹರೆಯದಲ್ಲಿ ಯುದ್ಧಕ್ಕೆ ಹೋಗಿ, ಗೆಳೆಯರನ್ನು ಕಳೆದುಕೊಂಡು ಬಂದವನು ಎಂದಿತ್ತು. ನನ್ನ ಸ್ಟಾಪು ಬಂದದ್ದು ಗೊತ್ತಾಗದೆ ಮುಂದಿನ ಊರಿಗೆ ಹೋಗಿಬಿಟ್ಟಿದ್ದೆ. ಅಲ್ಲಿಂದ ತಿರುಗಿ ನಡೆದು ಬರುವಾಗ, ದೂರದ ಯಾವುದೋ ದೇಶದಲ್ಲೂ ಒಬ್ಬ ಅಜ್ಜನಂತೆ ಒಂದು ಕಟ್ಟೆಯ ಮೇಲೆ ಕೂತಿದ್ದನಲ್ಲ ಎಂದು ವಿಚಿತ್ರ ಸಮಾಧಾನವಾಗಿತ್ತು. ಕಂಡದ್ದನ್ನು ಇದ್ದದ್ದು ಇದ್ದಂತೆ ಹೇಳಲಾಗದವರು ಅದಕ್ಕೊಂದು ಬೇರೆ ಸೀಮೆ ಕಟ್ಟುತ್ತಾರೆ, ಹಳೆಯ ರಾಜರನ್ನೂ ಅಜ್ಜಿಯರು ಹೇಳಿದ ಪುರಾಣವನ್ನೂ ಅಲ್ಲಿ ನೆಲೆಗೊಳಿಸುತ್ತಾರೆ. ಇದು ನನಗೆ ಹೊಳೆದದ್ದು ಅಂದಿನ ಆ ನಡಿಗೆಯಲ್ಲಿ.

ನನ್ನ ಮೊದಲ ಕಾದಂಬರಿ ಬರೆಯಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಸಂಸಾರ, ಶಾಲೆ, ಪೇಪರ್ ತಿದ್ದುವುದು, ಎಲ್ಲದರ ನಡುವೆ ಬರೆದೆ. ಸೇತುವೆಯ ಅಧ್ಯಾಯವನ್ನು ಎಷ್ಟು ಸಲ ಹರಿದು ಹಾಕಿದೆನೋ ಲೆಕ್ಕವಿಲ್ಲ. ಪ್ರತಿ ಸಲವೂ ಖಚ್ಚರಕ್ಕೆ ರೆಕ್ಕೆ ಕೊಡಬೇಕು ಅನ್ನಿಸುತ್ತಿತ್ತು. ಕೊಡಲಿಲ್ಲ.

ಪುಸ್ತಕ ಅಚ್ಚಾಗಿ ಬಂದ ವಾರ ಮೂಡಲಗಿಯಿಂದ ಬಸ್ಸು ಹಿಡಿದು ಕೌಜಲಗಿಗೆ ಹೋದೆ. ಆ ತಂಗಿಗೆ ಆಗ ಎಂಬತ್ತರ ಹತ್ತಿರ. ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಅಂಗಳದಲ್ಲಿ ಕೂತು ಸೇತುವೆಯ ಅಧ್ಯಾಯ ಓದಿ ಹೇಳಿದೆ. ಅವಳ ಮೊಮ್ಮಕ್ಕಳೂ ಬಂದು ಸುತ್ತ ಕೂತರು.

“ಬುಕ್ಕಿನ್ಯಾಗೂ ಅಂವಾ ದಾಟಾಂಗಿಲ್ಲೇನು?” ಎಂದು ಕೇಳಿದಳು.

“ಇಲ್ಲ ಅತ್ತಿ. ದಾಟಸಬೇಕ ಅನಸಿತ್ತು. ಆಗಲಿಲ್ಲ.”

“ಇರಲಿ ಬಿಡು. ಖರೇನ ಬರದೀದಿ.” ನನ್ನ ಮಂಡಿಯ ಮೇಲೆ ಕೈಯಿಟ್ಟಳು. ಆಮೇಲೆ ಕತ್ತು ವಾರೆ ಮಾಡಿ, “ಆದ್ರ ಒಂದ ಮಾತು. ಮಳ್ಯಾಗ ಕುರಿ ಚಲ್ಲಾಪಿಲ್ಲಿ ಓಡಿದ್ವು ಅಂತ ಓದಿದ್ಯಲ್ಲ, ಹಂಗ ಓಡಾಂಗಿಲ್ಲವಾ. ಮಳಿ ಬಂದ್ರ ಕುರಿ ಒಂದರ ಹೊಟ್ಟ್ಯಾಗ ಒಂದ ತಲಿ ಹಾಕಿ ಗಪ್ಪ ನಿಂದರತಾವು. ಇಷ್ಟ ಕಲ್ತೀದಿ, ಕುರಿ ನೋಡಿಲ್ಲೇನು ನೀ?” ಅಂದಳು.

ಮೊಮ್ಮಕ್ಕಳು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅಲ್ಲೇ ಚೀಲದಿಂದ ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದೆ. ಎರಡನೆಯ ಮುದ್ರಣದಲ್ಲಿ ಕುರಿಗಳು ಅವಳು ಹೇಳಿದ ಹಾಗೆಯೇ ನಿಂತಿವೆ.